ಕಾರಿನ ಹಾಡಿಗೆ ತಂತಿಯ ಲೆಕ್ಕ

ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೆಯ ರಾಷ್ಟ್ರೀಯ ಹೆದ್ದಾರಿ ಕೃಷ್ಣಗಿರಿಯನ್ನು ದಾಟಿ ಧರ್ಮಪುರಿಯನ್ನು ಸೇರುವ ಮೊದಲು ಕಾರಿಮಂಗಲಂ ಬಳಿ ಹಾದುಹೋಗುತ್ತದೆ. ಅಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಹಾಡು ಕೇಳಿಸುತ್ತ ಸಾಗುವ ಕಾರುಗಳು, ಮದುವೆಯ ವ್ಯಾನುಗಳು, ಜಾತ್ರೆಯ ಪ್ರಕಟಣೆ ಹೇಳುವ ಆಟೋಗಳು ಒಂದರ ಹಿಂದೆ ಒಂದು ಬರುತ್ತವೆ. ಇವುಗಳಲ್ಲಿ ಹಲವಕ್ಕೆ ಬೇರೆಯಾಗಿ ಒಂದು ಆಂಪ್ಲಿಫೈಯರನ್ನು, ಎಂದರೆ ಧ್ವನಿವರ್ಧಕ ಯಂತ್ರವನ್ನು, ಜೋಡಿಸಿರುತ್ತಾರೆ. ಯಂತ್ರಕ್ಕೂ ಸ್ಪೀಕರಿಗೂ ಸಾವಿರಾರು ರೂಪಾಯಿ ಕೊಡುವವರು ತಂತಿಯ ಮಾತು ಬಂದಾಗ ಮಾತ್ರ ‘ಯಾವುದಾದರೂ ಹಾಕಪ್ಪ’ ಎಂದುಬಿಡುವುದುಂಟು. ಆದರೆ ಇಂತಹ ಜೋಡಣೆಯಿಂದ ವಾಹನಕ್ಕೆ ಬೆಂಕಿಯ ಅಪಾಯ ಬರುವುದು ಹೆಚ್ಚಾಗಿ ಆ ತಂತಿಯಿಂದಲೇ. ಸರಿಯಾದ ತಂತಿಯನ್ನು ಆರಿಸಲು ಬೇಕಾದ ಲೆಕ್ಕ ನಮ್ಮ ಹತ್ತನೆಯ ತರಗತಿಯ ವಿದ್ಯುತ್ತಿನ ಪಾಠದಲ್ಲಿಯೇ ಇದೆ. ಅದು ಹೇಗೆಂದು ಈಗ ನೋಡೋಣ.

ಮನೆಗೂ ಕಾರಿಗೂ ಇರುವ ಭೇದ

ಮನೆಯ ವಿದ್ಯುತ್ತು 230 ವೋಲ್ಟ್. ಕಾರಿನ ಬ್ಯಾಟರಿ ಬರೀ 12 ವೋಲ್ಟ್. ‘ಅಷ್ಟು ಕಡಿಮೆ ವೋಲ್ಟಿಗೆ ಸಣ್ಣ ತಂತಿ ಸಾಲದೇ?’ ಎಂದು ಕೆಲವರು ಕೇಳುತ್ತಾರೆ. ನಿಜವೆಂದರೆ ವಿಷಯ ತಿರುಗುಮುರುಗು. ಸಾಮರ್ಥ್ಯವೆಂದರೆ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದ್ದು. 400 ವಾಟಿನ ಸಾಧನ ಮನೆಯಲ್ಲಿ ಎರಡು ಆಂಪಿಯರಿಗಿಂತ ಕಡಿಮೆ ಪ್ರವಾಹವನ್ನು ಎಳೆಯುತ್ತದೆ. ಅದೇ 400 ವಾಟಿಗೆ ಕಾರಿನಲ್ಲಿ 400 ÷ 12, ಎಂದರೆ ಸುಮಾರು 33 ಆಂಪಿಯರ್ ಬೇಕು. ತಂತಿಯನ್ನು ಬಿಸಿ ಮಾಡುವುದು ಪ್ರವಾಹ. ಆದ್ದರಿಂದ ಕಾರಿಗೆ ಮನೆಗಿಂತ ದಪ್ಪ ತಂತಿ ಬೇಕು.

ಎಷ್ಟು ಪ್ರವಾಹ?

ನಾಲ್ಕು ಸ್ಪೀಕರುಗಳಿಗೆ ತಲಾ 50 ವಾಟಿನಂತೆ ಒಟ್ಟು 200 ವಾಟ್ ಕೊಡುವ ಆಂಪ್ಲಿಫೈಯರ್ ಇದೆ ಎಂದುಕೊಳ್ಳೋಣ. ಹಳೆಯ ಮಾದರಿಯ ಯಂತ್ರಗಳಲ್ಲಿ ಒಳಗೆ ಹೋದ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಶಾಖವಾಗಿ ಹೋಗುತ್ತದೆ. ಯಂತ್ರದ ಮೇಲೆ ಅಲ್ಯೂಮಿನಿಯಮ್ ರೆಕ್ಕೆಗಳಿರುವುದು ಆ ಶಾಖವನ್ನು ಗಾಳಿಗೆ ಬಿಡಲೆಂದೇ. ಹೀಗಾಗಿ 200 ವಾಟ್ ಹೊರಬರಬೇಕಾದರೆ 400 ವಾಟ್ ಒಳಗೆ ಹೋಗಬೇಕು. ಮೇಲೆ ಹೇಳಿದ 33 ಆಂಪಿಯರ್ ಇದೇ. ‘ಡಿ’ ವರ್ಗದ ಹೊಸ ಯಂತ್ರಗಳಲ್ಲಿ ನಷ್ಟ ಇದಕ್ಕಿಂತ ಬಹಳ ಕಡಿಮೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ‘ಗರಿಷ್ಠ ವಾಟ್’ ಲೆಕ್ಕಕ್ಕೆ ಬಾರದು. ‘ಆರ್.ಎಂ.ಎಸ್.’ ಎಂದು ಕೊಟ್ಟಿರುವ ಸಂಖ್ಯೆಯನ್ನೇ ತೆಗೆದುಕೊಳ್ಳಬೇಕು.

ಎಷ್ಟು ದಪ್ಪ?

ಜರ್ಮನಿಯ ಗೆಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ದಪ್ಪವಾದಷ್ಟೂ ಕಡಿಮೆ. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತವಿರುವ ತಾಮ್ರದ ತಂತಿಯ ರೋಧ ಸುಮಾರು 0.0172 ಓಮ್. ಮುಂದಿನ ಬ್ಯಾಟರಿಯಿಂದ ಹಿಂದಿನ ಡಿಕ್ಕಿಗೆ 5 ಮೀಟರ್ ತಂತಿ ಬೇಕು ಎನ್ನೋಣ.

ಮನೆಯ ದೀಪಗಳಿಗೆ ಬಳಸುವ 1.5 ಚದರ ಮಿಲಿಮೀಟರಿನ ತಂತಿ ಹಾಕಿದರೆ ರೋಧ 0.057 ಓಮ್. 33 ಆಂಪಿಯರ್ ಹರಿದಾಗ ತಂತಿಯಲ್ಲೇ ಸುಮಾರು 1.9 ವೋಲ್ಟ್ ಕಳೆದುಹೋಗುತ್ತದೆ. ಜೌಲನ ನಿಯಮದಂತೆ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಸುಮಾರು 62 ವಾಟ್ ಶಾಖ. ಹಿಂದಿನ ಕಾಲದ 60 ವಾಟಿನ ಬಲ್ಬು ಕೈ ಸುಡುತ್ತಿದ್ದುದನ್ನು ಹಿರಿಯರು ಬಲ್ಲರು. ಅಷ್ಟು ಶಾಖ ನೆಲಹಾಸಿನ ಕೆಳಗೆ, ಗಾಳಿಯಾಡದ ಕಡೆ ಕೂಡುತ್ತ ಹೋದರೆ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗಿ ಕರಗುತ್ತದೆ.

ಅದೇ 16 ಚದರ ಮಿಲಿಮೀಟರಿನ ತಂತಿಯಾದರೆ ರೋಧ 0.0054 ಓಮ್, ಕಳೆಯುವುದು 0.18 ವೋಲ್ಟ್, ಶಾಖ ಸುಮಾರು 6 ವಾಟ್. ಹಾಡಿಗೂ ಲಾಭ, ವಾಹನಕ್ಕೂ ಕ್ಷೇಮ. ಒಟ್ಟು ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆ ಇರುವಂತೆ ನೋಡಿಕೊಳ್ಳುವುದು ಒಳ್ಳೆಯ ಪದ್ಧತಿ.

ಕೊಳ್ಳುವಾಗ ಎಚ್ಚರ

ಹೊರಗಿನ ಪ್ಲಾಸ್ಟಿಕ್ಕಿನ ದಪ್ಪ ನೋಡಿ ಮೋಸಹೋಗಬಾರದು. ಒಳಗಿನ ಲೋಹದ ದಪ್ಪವನ್ನು ನೋಡಬೇಕು. ಅಗ್ಗದ ತಂತಿಗಳಲ್ಲಿ ಕೆಲವು ಅಲ್ಯೂಮಿನಿಯಮ್ ಎಳೆಗೆ ತಾಮ್ರದ ಲೇಪ ಕೊಟ್ಟವು. ಅಲ್ಯೂಮಿನಿಯಮಿನ ರೋಧ ತಾಮ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಮ್, ಕೆಂಪಗೆ ಕಂಡರೆ ತಾಮ್ರ. ತವರ ಬಳಿದ ತಾಮ್ರ ಹೊರಗೆ ಬೆಳ್ಳಗಿದ್ದರೂ ಒಳಗೆ ಕೆಂಪೇ. ವಾಹನ ಸದಾ ಅದುರುವುದರಿಂದ ಒಂಟಿ ಗಟ್ಟಿ ತಂತಿಗಿಂತ ಸಣ್ಣ ಎಳೆಗಳನ್ನು ಹೊಸೆದ ತಂತಿಯೇ ಮೇಲು.

ಫ್ಯೂಸು ಯಾರ ಕಾವಲಿಗೆ?

ಆಂಪ್ಲಿಫೈಯರಿನಲ್ಲಿಯೇ ಫ್ಯೂಸು ಇರುತ್ತದಲ್ಲ, ಇನ್ನೊಂದೇಕೆ ಎಂದು ಕೇಳಬಹುದು. ಒಳಗಿನ ಫ್ಯೂಸು ಯಂತ್ರದ ಕಾವಲಿಗೆ. ಬ್ಯಾಟರಿಯ ಬಳಿ ಹಾಕುವುದು ತಂತಿಯ ಕಾವಲಿಗೆ. ನಡುದಾರಿಯಲ್ಲಿ ತಂತಿಯ ಹೊದಿಕೆ ಹರಿದು ಕಾರಿನ ಕಬ್ಬಿಣಕ್ಕೆ ತಗಲಿತೆನ್ನಿ. ಆಗ ಬ್ಯಾಟರಿಯಿಂದ ನೂರಾರು ಆಂಪಿಯರ್ ನುಗ್ಗುತ್ತದೆ. ಆ ಪ್ರವಾಹ ಯಂತ್ರದವರೆಗೆ ಹೋಗುವುದೇ ಇಲ್ಲವಾದ್ದರಿಂದ ಯಂತ್ರದೊಳಗಿನ ಫ್ಯೂಸು ಸುಮ್ಮನಿರುತ್ತದೆ. ಆದುದರಿಂದ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸು ಇರಲೇಬೇಕು. ನಮ್ಮ ಉದಾಹರಣೆಗೆ 40 ಆಂಪಿಯರಿನದು ಸರಿ. ಅದು ಸುಟ್ಟರೆ ಕಾರಣವನ್ನು ಹುಡುಕಬೇಕೇ ಹೊರತು ಬೆಳ್ಳಿಕಾಗದವನ್ನೋ ತಂತಿಯ ಚೂರನ್ನೋ ಸುತ್ತಿ ಮುಂದೆ ಹೋಗಬಾರದು.

ತಂತಿ ಎಳೆಯುವ ಕ್ರಮ

ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು. ಕೆಲಸವೆಲ್ಲ ಮುಗಿದ ಮೇಲೆ ಅದನ್ನೇ ಕೊನೆಗೆ ಜೋಡಿಸಬೇಕು. ಕಾರಿನ ಮೈ ಋಣ ತುದಿಗೆ ಸೇರಿರುತ್ತದೆ. ಧನ ತುದಿಯನ್ನು ಮೊದಲು ಬಿಚ್ಚಹೋದರೆ ಸ್ಪ್ಯಾನರ್ ಒಂದು ಕಡೆ ಅದಕ್ಕೂ ಇನ್ನೊಂದು ಕಡೆ ಮೈಗೂ ತಗಲಿ ಕಿಡಿ ಹಾರಬಹುದು.

ಎಂಜಿನ್ನಿನ ಕಡೆಯಿಂದ ಒಳಗೆ ಬರುವಾಗ ತಂತಿ ತಗಡಿನ ರಂಧ್ರವನ್ನು ದಾಟುತ್ತದೆ. ಅಲ್ಲಿ ರಬ್ಬರ್ ಬುಷ್ ಹಾಕದಿದ್ದರೆ ತಗಡಿನ ಅಂಚು ದಿನದಿನವೂ ಹೊದಿಕೆಯನ್ನು ಕೊರೆಯುತ್ತದೆ. ಜರುಗುವ ಸೀಟಿನ ಕಂಬಿ, ಬಾಗಿಲಿನ ಕೀಲು, ಬಿಸಿಯಾಗುವ ಎಂಜಿನ್ ಭಾಗ, ಇವುಗಳಿಂದ ತಂತಿ ದೂರವಿರಲಿ.

ಶಕ್ತಿಯ ತಂತಿಯನ್ನು ಕಾರಿನ ಒಂದು ಬದಿಯಲ್ಲಿ, ಹಾಡಿನ ಸಂಕೇತ ತರುವ ತಂತಿಯನ್ನು ಇನ್ನೊಂದು ಬದಿಯಲ್ಲಿ ಒಯ್ಯಬೇಕು. ಹೆಚ್ಚು ಪ್ರವಾಹದ ಸುತ್ತ ಕಾಂತಕ್ಷೇತ್ರವಿರುವುದರಿಂದ, ಎರಡೂ ಜೊತೆಯಾಗಿ ಸಾಗಿದರೆ ಹಾಡಿನೊಡನೆ ಕುಂಯ್‌ಗುಟ್ಟುವ ಸದ್ದು ಸೇರಬಹುದು.

ಪ್ರವಾಹ ಹಿಂದಿರುಗಲು ಹಾಕುವ ‘ಅರ್ಥ್’ ತಂತಿ ಗಿಡ್ಡವಾಗಿ, ಧನ ತಂತಿಯಷ್ಟೇ ದಪ್ಪವಾಗಿ ಇರಬೇಕು. ಬಣ್ಣ ವಿದ್ಯುತ್ತನ್ನು ಹರಿಯಗೊಡದು. ಆದುದರಿಂದ ಅದನ್ನು ಕೆರೆದು, ಹೊಳೆಯುವ ಲೋಹಕ್ಕೆ ಬೋಲ್ಟಿನಿಂದ ಬಿಗಿಯಬೇಕು. ಸಡಿಲ ಜೋಡಣೆಯೂ ರೋಧವೇ, ಬಿಸಿಯೇ.

ಪೋಷಕರಿಗೆ ಒಂದು ಮಾತು

ಕೆಲಸವನ್ನು ಬಲ್ಲ ಆಟೋ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ; ಆದರೆ ‘ಫ್ಯೂಸು ಎಲ್ಲಿ? ತಂತಿ ಎಷ್ಟು ಚದರ ಮಿಲಿಮೀಟರ್? ಬುಷ್ ಹಾಕಿದಿರಾ?’ ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ವಿದ್ಯುತ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ತಂತಿಗಳಿರುತ್ತವೆ. ಅವುಗಳಲ್ಲಿರುವುದು ಪ್ರಾಣಾಪಾಯದ ನೂರಾರು ವೋಲ್ಟ್, ಅವನ್ನು ಮುಟ್ಟಲೇಬಾರದು.

ವಿದ್ಯಾರ್ಥಿಗಳಿಗೆ ಲೆಕ್ಕ

ಪ್ರಕಟಣೆಯ ಆಟೋ ಒಂದರಲ್ಲಿ 12 ವೋಲ್ಟಿನ ಆಂಪ್ಲಿಫೈಯರ್ 100 ವಾಟ್ ಎಳೆಯುತ್ತದೆ. ಹೋಗಲು 2 ಮೀಟರ್, ಬರಲು 2 ಮೀಟರ್ ತಾಮ್ರದ ತಂತಿ ಇದೆ. 0.75 ಮತ್ತು 2.5 ಚದರ ಮಿಲಿಮೀಟರಿನ ತಂತಿಗಳಲ್ಲಿ ಎಷ್ಟೆಷ್ಟು ವೋಲ್ಟ್ ನಷ್ಟವಾಗುತ್ತದೆ? ಯಾವುದನ್ನು ಆರಿಸುತ್ತೀರಿ?

(ಉತ್ತರ: ಪ್ರವಾಹ 8.3 ಆಂಪಿಯರ್, ನಷ್ಟ ಕ್ರಮವಾಗಿ ಸುಮಾರು 0.76 ಮತ್ತು 0.23 ವೋಲ್ಟ್. ಎರಡನೆಯದೇ ಸರಿ, ಜೊತೆಗೆ 10 ಆಂಪಿಯರಿನ ಫ್ಯೂಸು.)