ಗಿಟಾರ್ ವಾದಕನ ಸಿದ್ಧತೆ

ಜನರ ಮುಂದೆ ಗಿಟಾರ್ ನುಡಿಸತಕ್ಕವನು ಯಾವ ಸಿದ್ಧತೆ ಮಾಡಿಕೊಳ್ಳಬೇಕೆಂಬದನ್ನು ನಾವು ಈ ಸಾರಿ ವಿಚಾರಿಸೋಣ.

ಒಂದನೆಯದು, ಶ್ರುತಿ. ಹೊಸ ತಂತಿಗಳು ಹಿಗ್ಗಿ ಸ್ವರವನ್ನು ಇಳಿಸುತ್ತವೆ. ಆದಕಾರಣ ಅವುಗಳನ್ನು ಹಿಂದಿನ ದಿನವೇ ಕಟ್ಟಿ, ಎಳೆದು, ಪುನಃ ಶ್ರುತಿಗೂಡಿಸತಕ್ಕದ್ದು.

ಎರಡನೆಯದು, ತಂತಿ ಹರಿಯುವದು. ಆರರಲ್ಲಿ ಒಂದು ಹರಿದರೆ ಉಳಿದ ಐದರಿಂದ ಹಾಡನ್ನು ಮುಗಿಸುವದಕ್ಕೆ ಮನೆಯಲ್ಲಿಯೇ ಅಭ್ಯಾಸ ಮಾಡಲಿ. ಸಾಧ್ಯವಾದರೆ ಇನ್ನೊಂದು ಗಿಟಾರನ್ನು ಸಂಗಡ ಒಯ್ಯಲಿ.

ಮೂರನೆಯದು, ಬಾಗಿಲು. 1949ರ ಚಳಿಗಾಲದಲ್ಲಿ ಅಮೇರಿಕದ ಆರ್ಕನ್ಸಾ ಸಂಸ್ಥಾನದ ಟ್ವಿಸ್ಟ್ ಎಂಬ ಊರಲ್ಲಿ ಬಿ. ಬಿ. ಕಿಂಗ್ ಎಂಬ ವಾದಕನು ನುಡಿಸುತ್ತಿರುವಾಗ, ಇಬ್ಬರು ಜಗಳವಾಡಿ ಸೀಮೆಎಣ್ಣೆ ಉರಿಯುತ್ತಿದ್ದ ಪೀಪಾಯಿಯನ್ನು ಉರುಳಿಸಿದ್ದರಿಂದ ಕುಣಿತದ ಮನೆಗೆ ಬೆಂಕಿ ಹತ್ತಿತು. ಹೊರಗೆ ಓಡಿಬಂದ ಅವನು ಗಿಟಾರನ್ನು ನೆನಸಿ, ಪುನಃ ಉರಿಯೊಳಗೆ ಹೊಕ್ಕು ಅದನ್ನು ತಂದನು, ಪ್ರಾಣವೇ ಹೋಗುವದಕ್ಕಿತ್ತು. ಆ ಜಗಳವು ಲೂಸಿಲ್ ಎಂಬ ಸ್ತ್ರೀಯ ನಿಮಿತ್ತ ಹುಟ್ಟಿತೆಂದು ಅವನು ತರುವಾಯ ಕೇಳಿದನು. ಇಂಥ ಬುದ್ಧಿಹೀನ ಕೆಲಸವನ್ನು ಇನ್ನೆಂದಿಗೂ ಮಾಡಬಾರದೆಂಬ ನೆನಪಿಗಾಗಿ ತನ್ನ ಗಿಟಾರಿಗೆ ಆ ಹೆಸರನ್ನೇ ಇಟ್ಟನು.

ತಂತಿಗೆ ಬದಲು ತಂತಿಯುಂಟು, ಗಿಟಾರಿಗೆ ಬದಲು ಗಿಟಾರುಂಟು, ಪ್ರಾಣಕ್ಕೆ ಬದಲಿಲ್ಲ. ಹೀಗಿರಲಾಗಿ ನುಡಿಸುವದಕ್ಕೆ ಮುಂಚೆ ಹೊರಬಾಗಿಲು ಎಲ್ಲಿದೆಯೆಂದು ನೋಡಿಕೊಳ್ಳೋಣ.