ಹೌಜಿನ ನೀರಿನ ಘಾಟು: ತಪ್ಪು ಔಷಧದ್ದೇ?



ಕಳೆದ ಚಳಿಗಾಲದಲ್ಲಿ ಸವಣೂರಿನ ನಮ್ಮ ಓಣಿಯ ಮಸೀದಿಯ ವುಜೂಖಾನೆಗೆ ಕಾಲಿಟ್ಟರೆ ಕಣ್ಣು ಉರಿಯುತ್ತಿತ್ತು. ಹೌಜ್ ಇರುವುದು ಚಾವಣಿಯ ಕೆಳಗೆ. ಚಳಿಗೆಂದು ಕಿಟಕಿಗಳನ್ನೂ ಮುಚ್ಚಿದ್ದರು. ಹಿರಿಯರೊಬ್ಬರು, “ಪೌಡರ್ ಜಾಸ್ತಿ ಆಗೇತಿ, ಇನ್ನ ಹಾಕಬ್ಯಾಡ್ರಿ” ಎಂದರು. ನನಗೂ ಹಾಗೆಯೇ ಅನ್ನಿಸಿತ್ತು. ಆದರೂ ಒಂದು ಬಾಟಲಿ ನೀರನ್ನು ನಮ್ಮ ರಸಾಯನಶಾಸ್ತ್ರದ ಸರ್ ಬಳಿ ಒಯ್ದೆ.

ಸರ್ ನೀರಿಗೆ ಡಿಪಿಡಿ ಎಂಬ ಮಾತ್ರೆ ಹಾಕಿದರು. ನೀರಿನಲ್ಲಿ ಮುಕ್ತ ಕ್ಲೋರಿನ್ ಇದ್ದರೆ ಅದು ಗುಲಾಬಿ ಬಣ್ಣಕ್ಕೆ ತಿರುಗಬೇಕು. ಬಣ್ಣ ಬರಲೇ ಇಲ್ಲ. ಎರಡನೆಯ ಮಾತ್ರೆ ಹಾಕಿದಾಗ ಗಾಢ ಗುಲಾಬಿ ಬಂತು. ಇದರ ಅರ್ಥ, ಕ್ಲೋರಿನ್ ಇದೆ, ಆದರೆ ಬೇರೆ ವಸ್ತುವಿನ ಜೊತೆ ಸೇರಿಕೊಂಡಿದೆ.

ಘಾಟು ಎಲ್ಲಿಂದ ಬರುತ್ತದೆ?

ಬೆವರು ಮತ್ತು ಮೈಕೊಳೆಯಲ್ಲಿ ಅಮೋನಿಯಾ, ಯೂರಿಯಾದಂತಹ ಸಾರಜನಕದ ವಸ್ತುಗಳಿರುತ್ತವೆ. ಕ್ಲೋರಿನ್ ಅವುಗಳ ಜೊತೆ ಸೇರಿದಾಗ ಕ್ಲೋರಮೀನ್‌ಗಳು ಉಂಟಾಗುತ್ತವೆ. ಮೂಗಿಗೆ ಬಡಿಯುವ ಘಾಟೂ ಕಣ್ಣುರಿಯೂ ಹೆಚ್ಚಾಗಿ ಇವುಗಳಿಂದಲೇ. ರೋಗಾಣು ಕೊಲ್ಲುವ ಶಕ್ತಿ ಇವಕ್ಕೆ ಬಹಳ ಕಡಿಮೆ. ಅಂದರೆ, ಔಷಧ ಹೆಚ್ಚಾಗಿದೆ ಎಂದು ನಾವು ತಿಳಿದ ವಾಸನೆ, ನಿಜವಾಗಿ ಕೊಳೆ ಹೆಚ್ಚಾಗಿ ಔಷಧ ಸಾಲದೆ ಹೋದದ್ದರ ಗುರುತು!

ಇದು ಸಣ್ಣ ಮಾತಲ್ಲ. ನನ್ನ ದಾದಾ ದಿನಕ್ಕೆ ಐದು ಸಲ ವುಜೂ ಮಾಡುತ್ತಾರೆ, ಪ್ರತಿ ಸಲ ಮೂರು ಬಾರಿ ಮೂಗಿಗೆ ನೀರೇರಿಸುತ್ತಾರೆ. ನೇಗ್ಲೇರಿಯಾ ಎಂಬ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬೆಳೆದು, ಮೂಗಿನ ಮೂಲಕ ಮಿದುಳನ್ನು ಸೇರುತ್ತದೆ. ಈ ರೋಗ ಅಪರೂಪ, ಆದರೆ ತಗುಲಿದವರಲ್ಲಿ ಬದುಕುಳಿಯುವವರು ತೀರ ಕಡಿಮೆ. ಪಾಕಿಸ್ತಾನದ ಕರಾಚಿಯಲ್ಲಿ ಕ್ಲೋರಿನ್ ಸಾಲದ ನೀರಿನಿಂದ ವುಜೂ ಮಾಡಿದವರೂ ಇದಕ್ಕೆ ಬಲಿಯಾಗಿದ್ದಾರೆ. ನಮ್ಮ ಪಕ್ಕದ ಕೇರಳದಲ್ಲಿ 2024ರಲ್ಲಿ ಮಕ್ಕಳು ಇಂಥ ಅಮೀಬಾ ಸೋಂಕಿನಿಂದ ಮೃತಪಟ್ಟರು. ಹಾಗಾಗಿ ಔಷಧ ನಿಲ್ಲಿಸುವುದು ಪರಿಹಾರವಲ್ಲ.

ಯಾವ ಔಷಧ ಆರಿಸಬೇಕು?

ಬ್ಲೀಚಿಂಗ್ ಪೌಡರ್: ಅಗ್ಗ, ಎಲ್ಲೆಡೆ ಸಿಗುತ್ತದೆ. ತೇವ ತಗುಲಿದರೆ ಶಕ್ತಿ ಕಳೆದುಕೊಳ್ಳುತ್ತದೆ. ತಳದಲ್ಲಿ ಸುಣ್ಣ ನಿಲ್ಲುತ್ತದೆ.

ಕ್ಲೋರಿನ್ ಮಾತ್ರೆ: ಅಳತೆ ಸುಲಭ. ಆದರೆ ಸೋಡಿಯಂ ಡೈಕ್ಲೋರೋಐಸೊಸೈನ್ಯುರೇಟ್ ಮಾತ್ರೆಯನ್ನು ನೀರು ಬದಲಿಸದೆ ಬಳಸುತ್ತ ಹೋದರೆ ಸೈನ್ಯೂರಿಕ್ ಆಮ್ಲ ಸೇರುತ್ತ ಹೋಗಿ ಕ್ಲೋರಿನ್‌ನ ಕೆಲಸ ನಿಧಾನವಾಗುತ್ತದೆ.

ಬ್ರೋಮಿನ್: ಘಾಟು ಕಡಿಮೆ, ಬಿಸಿನೀರಿನಲ್ಲಿ ಚೆನ್ನಾಗಿ ಬಾಳುತ್ತದೆ. ಅದಕ್ಕೇ ಹೋಟೆಲ್‌ಗಳ ಒಳಾಂಗಣ ಬಿಸಿನೀರಿನ ತೊಟ್ಟಿಗಳಲ್ಲಿ ಬಳಸುತ್ತಾರೆ. ಬೆಲೆ ಹೆಚ್ಚು.

ಓಝೋನ್, ಅತಿನೇರಳೆ ದೀಪ: ವಾಸನೆಯ ತೊಂದರೆ ಕಡಿಮೆ. ಆದರೆ ಯಂತ್ರ ದಾಟಿ ಹೌಜಿಗೆ ಬಂದ ನೀರಿನಲ್ಲಿ ಕಾವಲಿಗೆ ಏನೂ ಉಳಿಯುವುದಿಲ್ಲ. ಮುಂದಿನ ಕೈ ಅದ್ದಿದಾಗ ಬರುವ ರೋಗಾಣುವನ್ನು ತಡೆಯುವವರಿಲ್ಲ.

ಲೆಕ್ಕ ಹಾಕಿದರೆ ನಮ್ಮ ಹೌಜಿಗೆ ಹೊಸ, ಒಣ ಬ್ಲೀಚಿಂಗ್ ಪೌಡರೇ ಸಾಕು ಅನ್ನಿಸಿತು.

ಎಷ್ಟು ಹಾಕಬೇಕು?

ಹತ್ತು ಮೊಳ ಉದ್ದ, ಹತ್ತು ಮೊಳ ಅಗಲ ಎಂದರೆ ಸುಮಾರು 4.5 ಮೀಟರ್. ಆಳ 1 ಮೀಟರ್ ಆದರೆ 4.5 × 4.5 × 1 = 20.25 ಘನಮೀಟರ್, ಅಂದಾಜು 20,000 ಲೀಟರ್. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಎಂದರೆ ಒಟ್ಟು 40 ಗ್ರಾಂ. ಪೌಡರಿನಲ್ಲಿ ಶೇ. 25 ಕ್ಲೋರಿನ್ ಸಿಗುತ್ತದೆ ಎಂದುಕೊಂಡರೆ 160 ಗ್ರಾಂ ಬೇಕು. ಇದನ್ನು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನಷ್ಟೇ ಇಶಾ ನಮಾಜಿನ ನಂತರ ಹೌಜಿಗೆ ಸುರಿದು ಕಲಕಬೇಕು. ಅರ್ಧ ತಾಸಿನ ಮೇಲೆ ಪರೀಕ್ಷಿಸಿ, ಮುಕ್ತ ಕ್ಲೋರಿನ್ ಲೀಟರಿಗೆ 1 ಮಿಲಿಗ್ರಾಂ ಆಸುಪಾಸು ಉಳಿದಿದೆಯೇ ನೋಡಬೇಕು.

ಒಂದು ಎಚ್ಚರಿಕೆ: ಬ್ಲೀಚಿಂಗ್ ಪೌಡರಿಗೆ ಶೌಚಾಲಯ ತೊಳೆಯುವ ಆಸಿಡ್ ಎಂದೂ ತಾಗಬಾರದು. ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.

ಈ ಲೆಕ್ಕವನ್ನು ಹಾಳೆಯಲ್ಲಿ ಬರೆದು ಮುತವಲ್ಲಿಯವರಿಗೆ ಕೊಟ್ಟೆ. ಔಷಧದ ನೀರಿನಿಂದ ವುಜೂ ಆಗುತ್ತದೆಯೇ ಎಂಬ ಅನುಮಾನವೂ ಕೆಲವರಿಗಿತ್ತು. ಸ್ವಚ್ಛತೆಗೆ ಹಾಕಿದ್ದರಿಂದ ಅಡ್ಡಿಯಿಲ್ಲ ಎಂದು ಇಮಾಮ್ ಸಾಹೇಬರು ಹೇಳಿದರು. ಹೌಜ್ ಖಾಲಿ ಮಾಡಿ, ಗೋಡೆಯ ಲೋಳೆ ಉಜ್ಜಿ, ಹೊಸ ನೀರು ತುಂಬಿದೆವು. ಕಾಲು ತೊಳೆದ ನೀರು ಒಳಗೆ ಬೀಳದಂತೆ ಚರಂಡಿ ಸರಿಪಡಿಸಿದರು. ಮೇಲಿನ ಎರಡು ಕಿಟಕಿ ತೆರೆದರು. ಮುಂದಿನ ಶುಕ್ರವಾರ ದಾದಾ ವುಜೂ ಮುಗಿಸಿ ಬಂದು, “ಇವತ್ತ ಔಷಧ ಹಾಕಿಲ್ಲೇನು?” ಎಂದು ಕೇಳಿದರು. ಹಾಕಿದ್ದೆವು, ಈ ಸಲ ಅಳೆದು ಹಾಕಿದ್ದೆವು.

ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರಿನಿಂದ ಬರುವ ಗೆಳೆಯ ಗೆಳತಿಯರೇ, ನಿಮ್ಮ ಊರಿನ ಹೌಜಿನ ನೀರನ್ನೂ ಒಂದು ಬಾಟಲಿ ತನ್ನಿ. ಪರೀಕ್ಷೆ ಐದು ನಿಮಿಷದ ಕೆಲಸ.