ಕಾರಿನ ಬೆನ್ನಿಗೆ ಎಷ್ಟು ಭಾರ, ಕಾರಿನ ನಕ್ಷೆಗೆ ಎಷ್ಟು ನಂಬಿಕೆ?



ಕಳೆದ ರಜೆಯಲ್ಲಿ ನಮ್ಮ ಮನೆಯಲ್ಲಿ ಒಂದು ಲೆಕ್ಕದ ವಾದ ನಡೆಯಿತು. ಅಬ್ಬಾ ಮದುವೆ, ವಲೀಮಾಗಳಿಗೆ ಡೇಗು, ತಟ್ಟೆ, ಜಮಖಾನಗಳನ್ನು ಬಾಡಿಗೆಗೆ ಕೊಡುತ್ತಾರೆ. ಮಾಯಕೊಂಡದಿಂದ ದಾವಣಗೆರೆ, ಹರಿಹರದ ಶಾದಿ ಮಹಲ್‌ಗಳಿಗೆ ಈ ಸಾಮಾನು ಹೋಗಬೇಕು. ಪ್ರತಿ ಸಲ ಗೂಡ್ಸ್ ಗಾಡಿಗೆ ಹೋಗಿಬರಲು 1,500 ರೂಪಾಯಿ. ಮಾಮೂ ಒಂದು ಉಪಾಯ ಹೇಳಿದರು: "ಮನೆಯಲ್ಲಿ ಏಳು ಸೀಟಿನ ಕಾರು ನಿಂತಿದೆ. ವೆಲ್ಡಿಂಗ್ ಶಾಪಿನಲ್ಲಿ ಎರಡು ಗಾಲಿಯ ಟ್ರೈಲರ್ ಮಾಡಿಸಿ ಹಿಂದೆ ಕಟ್ಟಿದರೆ ಆಯ್ತು. ಟ್ರ್ಯಾಕ್ಟರ್ ಎಳೆಯೋದಿಲ್ವಾ?" ಅಬ್ಬಾ ನನ್ನ ಕಡೆ ತಿರುಗಿ, "ನೀನು ಕಾಮರ್ಸ್ ಓದ್ತೀಯಲ್ಲ, ಲೆಕ್ಕ ಹಾಕು" ಎಂದರು.

ಆ ಲೆಕ್ಕ ಹಾಕುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕಾರು ಇರುವ ಎಲ್ಲ ಮನೆಗೂ ಇದು ಉಪಯೋಗಕ್ಕೆ ಬರುತ್ತದೆ ಎಂದು ನನ್ನ ನಂಬಿಕೆ.

ಮೊದಲ ಲೆಕ್ಕ

ವರ್ಷಕ್ಕೆ ಸುಮಾರು 24 ಬಾಡಿಗೆ. 24 × 1,500 = 36,000 ರೂಪಾಯಿ. ಟ್ರೈಲರ್‌ಗೆ ವೆಲ್ಡಿಂಗ್ ಶಾಪಿನವರು ಹೇಳಿದ ಬೆಲೆ 45,000. ಅಂದರೆ 15 ತಿಂಗಳಲ್ಲಿ ಹಾಕಿದ ಹಣ ವಾಪಸ್. ಆಮೇಲೆ ಎಲ್ಲ ಉಳಿತಾಯ. ಮಾಮೂ ಗೆದ್ದರು ಎಂದೇ ಎಲ್ಲರೂ ಅಂದುಕೊಂಡೆವು. ಆದರೆ ಈ ಲೆಕ್ಕದಲ್ಲಿ ತೂಕ ಇರಲಿಲ್ಲ, ಕಾನೂನು ಇರಲಿಲ್ಲ, ದಾರಿಯೂ ಇರಲಿಲ್ಲ.

ತೂಕದ ಮೂರು ಮಾತುಗಳು

ಮೊದಲನೆಯದು ಖಾಲಿ ತೂಕ, ಅಂದರೆ ಜನ ಮತ್ತು ಸಾಮಾನು ಇಲ್ಲದ ಕಾರಿನ ತೂಕ. ಇದು ಆರ್‌ಸಿಯಲ್ಲಿ ನಮೂದಾಗಿರುತ್ತದೆ. ಎರಡನೆಯದು ಒಟ್ಟು ತೂಕದ ಮಿತಿ. ಜನ, ಸಾಮಾನು ಎಲ್ಲ ಸೇರಿ ಕಾರು ಇದಕ್ಕಿಂತ ಹೆಚ್ಚು ತೂಗಬಾರದು ಎಂದು ತಯಾರಕರು ಗೊತ್ತುಮಾಡಿದ ಅಂಕಿ. ಇದನ್ನು ಕಾರಿನ ಕೈಪಿಡಿಯಲ್ಲಿ ನೋಡಬಹುದು. ಮೂರನೆಯದು ಹೊರುವ ಶಕ್ತಿ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಇದು ಸಿಗುತ್ತದೆ.

ಉದಾಹರಣೆಗೆ ಒಂದು ಕಾರಿನ ಖಾಲಿ ತೂಕ 1,200 ಕೆ.ಜಿ., ಒಟ್ಟು ಮಿತಿ 1,750 ಕೆ.ಜಿ. ಎಂದುಕೊಳ್ಳಿ. ಹೊರುವ ಶಕ್ತಿ 550 ಕೆ.ಜಿ. ಏಳು ಜನ ಕೂತರೆ, ತಲಾ 65 ಕೆ.ಜಿ.ಯಂತೆ, 455 ಕೆ.ಜಿ. ಉಳಿಯುವುದು 95 ಕೆ.ಜಿ. ಮಾತ್ರ. ಏಳು ಸೀಟು ಇದೆ ಎಂದರೆ ಏಳು ಜನರ ಜೊತೆ ಮನೆಯ ಸಾಮಾನೆಲ್ಲ ತುಂಬಬಹುದು ಎಂದು ಅರ್ಥವಲ್ಲ. ಹಬ್ಬಕ್ಕೆ ಊರಿಗೆ ಹೋಗುವಾಗ ಎರಡು ಮೂಟೆ ಅಕ್ಕಿ ಹಿಂದೆ ಹಾಕಿದರೆ ಮಿತಿ ಮುಗಿದೇ ಹೋಯಿತು.

ಎಳೆಯುವ ಮಿತಿ

ಎಳೆಯುವ ಮಿತಿ ಬೇರೆಯೇ ಅಂಕಿ. ಯುರೋಪಿನ ದೇಶಗಳಲ್ಲಿ ಜನ ಕಾರಿನ ಹಿಂದೆ ಟ್ರೈಲರ್ ಕಟ್ಟಿಕೊಂಡು ಪ್ರವಾಸ ಹೋಗುತ್ತಾರೆ. ಅಲ್ಲಿ ಕಾರಿನ ಕೈಪಿಡಿಯಲ್ಲಿ ಎರಡು ಮಿತಿ ಕೊಟ್ಟಿರುತ್ತಾರೆ: ಬ್ರೇಕ್ ಇರುವ ಟ್ರೈಲರ್‌ಗೆ ಒಂದು, ಬ್ರೇಕ್ ಇಲ್ಲದ ಟ್ರೈಲರ್‌ಗೆ ಇನ್ನೊಂದು. ಬ್ರೇಕ್ ಇಲ್ಲದ್ದು ಹೆಚ್ಚೆಂದರೆ 750 ಕೆ.ಜಿ., ಸಣ್ಣ ಕಾರಿಗೆ ಅದಕ್ಕೂ ಕಡಿಮೆ. ನಮ್ಮ ದೇಶದಲ್ಲಿ ಮಾರುವ ಹಲವು ಕುಟುಂಬ ಕಾರುಗಳ ಕೈಪಿಡಿಯಲ್ಲಿ ಟ್ರೈಲರ್ ಎಳೆಯಬೇಡಿ ಎಂದೇ ಇದೆ. ನಮ್ಮ ಕಾರಿನ ಕೈಪಿಡಿಯಲ್ಲೂ ಹಾಗೇ ಇತ್ತು. ಕಾರಿಗೆ ಕೊಕ್ಕೆ ಇದೆಯಲ್ಲ ಎಂದು ಮಾಮೂ ಕೇಳಿದರು. ಆ ಕೊಕ್ಕೆ ಕೆಟ್ಟು ನಿಂತಾಗ ಸ್ವಲ್ಪ ದೂರ ಎಳೆಸಿಕೊಳ್ಳಲು ಮಾತ್ರ.

ಏಕೆ ಹೀಗೆ? ನಮ್ಮ ಸಾಮಾನನ್ನು ಕಾಟಾದಲ್ಲಿ ತೂಗಿಸಿದೆವು. ಆರು ಡೇಗು, ತಲಾ 40 ಕೆ.ಜಿ.ಯಂತೆ 240. ತಟ್ಟೆ, ಸೌಟು, ಪಾತ್ರೆ 110. ಜಮಖಾನ 150. ಒಟ್ಟು 500 ಕೆ.ಜಿ. ಟ್ರೈಲರ್‌ನ ಸ್ವಂತ ತೂಕ 200 ಎಂದರೆ 700 ಕೆ.ಜಿ. ಮೇಲಿನ ಉದಾಹರಣೆಯ ಕಾರಿನಲ್ಲಿ ಇಬ್ಬರೇ ಕೂತರೂ 1,200 + 130 + 700 = 2,030 ಕೆ.ಜಿ. 1,750 ಕೆ.ಜಿ. ನಿಲ್ಲಿಸಲೆಂದು ಮಾಡಿದ ಬ್ರೇಕ್ ಈಗ 280 ಕೆ.ಜಿ. ಹೆಚ್ಚು ನಿಲ್ಲಿಸಬೇಕು. ವೆಲ್ಡಿಂಗ್ ಶಾಪಿನ ಟ್ರೈಲರ್‌ಗೆ ತನ್ನದೇ ಬ್ರೇಕ್ ಇಲ್ಲ.

ವೇಗ ಎರಡು ಪಟ್ಟು ಆದರೆ ಚಲನ ಶಕ್ತಿ ನಾಲ್ಕು ಪಟ್ಟು ಆಗುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೇವೆ. 40 ಕಿ.ಮೀ. ವೇಗದಲ್ಲಿ ನಿಂತ ಗಾಡಿ 80ರಲ್ಲಿಯೂ ಅಷ್ಟೇ ಸುಲಭವಾಗಿ ನಿಲ್ಲುವುದಿಲ್ಲ. ಟ್ರೈಲರ್‌ನಲ್ಲಿ ಭಾರ ಹಿಂದಕ್ಕೆ ಹೆಚ್ಚಾದರೆ ಅದು ಹಾವಿನಂತೆ ಅಕ್ಕಪಕ್ಕ ಓಲಾಡಿ ಕಾರನ್ನೂ ತಿರುಗಿಸುತ್ತದೆ. ಭಾರ ಮುಂದಕ್ಕೆ ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ತಪ್ಪುತ್ತದೆ. ಟ್ರ್ಯಾಕ್ಟರ್ ಎಳೆಯುವುದಕ್ಕೆಂದೇ ಹುಟ್ಟಿದ್ದು, ಅದು ಹೋಗುವುದೂ ನಿಧಾನ. ಕಾರು ಕೂರಿಸಿಕೊಂಡು ಹೋಗುವುದಕ್ಕೆ ಹುಟ್ಟಿದ್ದು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೈಲರ್ ಕೂಡ ಒಂದು ಮೋಟಾರು ವಾಹನವೇ. ಅದಕ್ಕೆ ಇಂಜಿನ್ ಇಲ್ಲದಿದ್ದರೂ ನೋಂದಣಿ ಬೇಕು, ವಿಮೆ ಬೇಕು. ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವುದನ್ನು 52ನೇ ವಿಧಿ ತಡೆಯುತ್ತದೆ.

ನನಗೆ ಹೆಚ್ಚು ಆಶ್ಚರ್ಯವಾದದ್ದು ವಿಮಾ ಪಾಲಿಸಿ ಓದಿದಾಗ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಭಾಗವಿದೆ. ಬಾಡಿಗೆಗೆ ಓಡಿಸಿದರೆ, ಅಥವಾ ಸ್ಯಾಂಪಲ್ ಮತ್ತು ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಿಸಿದರೆ ಆ ಬಳಕೆ ಪಾಲಿಸಿಯ ಹೊರಗೆ. ಟ್ರೈಲರ್ ಮಾತು ಹಾಗಿರಲಿ, ನಾವು ಇಷ್ಟು ದಿನ ಹಿಂದಿನ ಸೀಟು ಮಡಚಿ ತಟ್ಟೆಯ ಪೆಟ್ಟಿಗೆಗಳನ್ನು ಸಾಗಿಸುತ್ತಿದ್ದೆವು! ಇದನ್ನು ಓದಿ ಹೇಳಿದಾಗ ಅಬ್ಬಾ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕೆಟ್ಟು ನಿಂತ ಕಾರನ್ನು ಎಳೆಯುವಾಗ

ಇದು ಯಾರಿಗಾದರೂ ಬರಬಹುದಾದ ಪ್ರಸಂಗ. 1989ರ ರಸ್ತೆ ನಿಯಮಗಳಲ್ಲಿ ಇದಕ್ಕೆ ಸ್ಪಷ್ಟ ಮಾತುಗಳಿದ್ದವು. ಕೆಟ್ಟ ವಾಹನವನ್ನು ಹತ್ತಿರದ ಗ್ಯಾರೇಜಿಗೋ ಪೆಟ್ರೋಲ್ ಬಂಕಿಗೋ ಎಳೆಯಬಹುದು. ಎರಡು ವಾಹನಗಳ ನಡುವೆ 5 ಮೀಟರ್‌ಗಿಂತ ಹೆಚ್ಚು ಅಂತರ ಇರಬಾರದು. ಹಗ್ಗ ಅಥವಾ ಸರಪಳಿ ಬೇರೆಯವರ ಕಣ್ಣಿಗೆ ಬೀಳುವಂತಿರಬೇಕು. ಹಿಂದಿನ ಕಾರಿನ ಸ್ಟಿಯರಿಂಗ್ ಹಿಡಿದವರಿಗೂ ಲೈಸೆನ್ಸ್ ಇರಬೇಕು. ವೇಗ ಗಂಟೆಗೆ 24 ಕಿ.ಮೀ. ಮೀರಬಾರದು. ಆ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸ ಚಾಲನಾ ನಿಯಮಗಳು ಬಂದವು. ಆದರೂ ಈ ಎಚ್ಚರಗಳು ಇಂದಿಗೂ ನೆನಪಿಡಬೇಕಾದವೇ.

ಇಂಜಿನ್ ಆಫ್ ಆದ ಕಾರಿನಲ್ಲಿ ಬ್ರೇಕ್ ಗಟ್ಟಿಯಾಗುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ. ಕೀಲಿ ತೆಗೆದುಬಿಟ್ಟರೆ ಸ್ಟಿಯರಿಂಗ್ ಲಾಕ್ ಆಗುತ್ತದೆ. ಆಟೋಮ್ಯಾಟಿಕ್ ಗೇರಿನ ಕಾರು ಮತ್ತು ಎಲೆಕ್ಟ್ರಿಕ್ ಕಾರುಗಳನ್ನು ಚಕ್ರ ನೆಲದ ಮೇಲಿಟ್ಟು ಎಳೆದರೆ ಒಳಗಿನ ಭಾಗಗಳು ಹಾಳಾಗಬಹುದು. ಅವನ್ನು ಲಾರಿಯ ಮೇಲೆ ಏರಿಸಿಕೊಂಡು ಹೋಗುವುದೇ ಸರಿ.

ದಾರಿ ತೋರಿಸುವ ಪರದೆ

ನಮ್ಮ ಕಾರಿನಲ್ಲಿ ನಕ್ಷೆಯ ಪರದೆ ಇದೆ. ಇದು ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಹೇಗೆ? ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದೂ ತನ್ನ ಸ್ಥಾನ ಮತ್ತು ಸಮಯವನ್ನು ಸಾರುತ್ತಿರುತ್ತದೆ. ಕಾರು ಏನನ್ನೂ ಕಳಿಸುವುದಿಲ್ಲ, ಕೇಳಿಸಿಕೊಳ್ಳುತ್ತದೆ ಅಷ್ಟೇ. ಸಂಕೇತ ಬರಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ನಾವಿರುವ ಜಾಗ ಗೊತ್ತಾಗುತ್ತದೆ. ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಅದಕ್ಕೇ ಉಪಗ್ರಹದಲ್ಲಿ ಪರಮಾಣು ಗಡಿಯಾರ ಇಡುತ್ತಾರೆ.

ಈ ವಿಷಯದಲ್ಲಿ ನಮ್ಮ ರಾಜ್ಯಕ್ಕೂ ಪಾಲಿದೆ. ಭಾರತದ ಸ್ವಂತ ವ್ಯವಸ್ಥೆ ನಾವಿಕ್. ಇದರ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಏಳು ಉಪಗ್ರಹಗಳ ಯೋಜನೆ ಇದು. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೋದ ಸಂಚರಣಾ ಕೇಂದ್ರವಿದೆ. ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಿಂದ ಉಪಗ್ರಹಗಳನ್ನು ನೋಡಿಕೊಳ್ಳುತ್ತಾರೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮ ದೇಶದಲ್ಲೇ ತಯಾರಾದ ರುಬಿಡಿಯಂ ಪರಮಾಣು ಗಡಿಯಾರವಿದೆ.

ಆದರೆ ಒಂದು ವ್ಯತ್ಯಾಸ ತಿಳಿಯಬೇಕು. ಉಪಗ್ರಹ ಹೇಳುವುದು ನೀವು ಎಲ್ಲಿದ್ದೀರಿ ಎಂದು. ಎಲ್ಲಿ ರಸ್ತೆ ಇದೆ ಎಂದು ಹೇಳುವುದು ಕಾರಿನ ನೆನಪಿನಲ್ಲಿರುವ ನಕ್ಷೆ. ನಕ್ಷೆ ಹಳೆಯದಾದರೆ ಉಪಗ್ರಹ ಏನು ಮಾಡೀತು? ನಮ್ಮ ಕಾರಿನ ನಕ್ಷೆಯಲ್ಲಿ ದಾವಣಗೆರೆಯ ಹೆದ್ದಾರಿ ಇನ್ನೂ ಎನ್‌ಎಚ್ 4 ಎಂದೇ ಇದೆ, ಈಗ ಅದು 48. ಶಿವಮೊಗ್ಗ ಎಂದು ಹುಡುಕಿದರೆ ಸಿಗುವುದಿಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಹಳೆಯ ಶಿಮೋಗ ಎಂದೇ ಬರೆಯಬೇಕು. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದದ್ದು ಅದಕ್ಕೆ ಗೊತ್ತಿಲ್ಲ. ಒಂದೇ ಹೆಸರಿನ ಹಳ್ಳಿಗಳು ಹಲವು ಇರುತ್ತವೆ. ಆದ್ದರಿಂದ ತಾಲ್ಲೂಕು ಅಥವಾ ಪಿನ್ ಕೋಡ್ ನೋಡಿ ಖಚಿತ ಮಾಡಿಕೊಳ್ಳಬೇಕು.

ಭಾರ ಮತ್ತು ದಾರಿ

ಮಳೆಗಾಲದಲ್ಲಿ ಒಂದು ವಲೀಮಾಗೆ ಹೊರಟಿದ್ದೆವು. ಮುಂದೆ ನಮ್ಮ ಕಾರು, ಹಿಂದೆ ಡೇಗು ತುಂಬಿದ ಗೂಡ್ಸ್ ಗಾಡಿ. ಪರದೆ ಆರು ಕಿ.ಮೀ. ಉಳಿಯುವ ಹತ್ತಿರದ ದಾರಿ ತೋರಿಸಿತು. ನಾವು ತಿರುಗಿದೆವು. ಮುಂದೆ ರೈಲ್ವೆ ಕೆಳಸೇತುವೆ, ಅದರ ತುಂಬ ನೀರು. ಎರಡೂ ಕಡೆ ಹೊಲ, ತಿರುಗಿಸಲು ಜಾಗವಿಲ್ಲ. ಕಾರು ಹಿಂದಕ್ಕೆ ತಂದೆವು. ಗೂಡ್ಸ್ ಗಾಡಿಯ ಅಣ್ಣ ಮೊದಲೇ ಅನುಮಾನಪಟ್ಟು ಮುಖ್ಯರಸ್ತೆಯಲ್ಲೇ ನಿಂತಿದ್ದರು. "ನಿಮ್ಮ ಮಷೀನಿಗೆ ರಸ್ತೆ ಗೊತ್ತು ಸಾರ್, ನೀರು ಗೊತ್ತಿಲ್ಲ" ಎಂದು ನಕ್ಕರು.

ಆ ದಿನ ನಮ್ಮ ಕಾರಿನ ಹಿಂದೆ ಟ್ರೈಲರ್ ಇದ್ದಿದ್ದರೆ? ಟ್ರೈಲರ್ ಕಟ್ಟಿದ ಗಾಡಿಯನ್ನು ರಿವರ್ಸ್ ತೆಗೆಯುವುದು ಕಷ್ಟದ ವಿದ್ಯೆ. ಸ್ಟಿಯರಿಂಗ್ ಒಂದು ಕಡೆ ತಿರುಗಿಸಿದರೆ ಟ್ರೈಲರ್ ಇನ್ನೊಂದು ಕಡೆ ತಿರುಗುತ್ತದೆ. ಅಲ್ಲಿ ಮುನ್ನೂರು ಜನ ಊಟಕ್ಕೆ ಬರುವವರು, ಇಲ್ಲಿ ಡೇಗು ಹೊಲದ ನಡುವೆ. ಕಾರಿನ ನಕ್ಷೆಗೆ ನಿಮ್ಮ ಹಿಂದೆ ಏನು ಕಟ್ಟಿದೆ ಎಂದು ತಿಳಿಯದು. ಅದು ಖಾಲಿ ಕಾರಿಗೆ ದಾರಿ ಹೇಳುತ್ತದೆ, ಸಮಯವನ್ನೂ ಖಾಲಿ ಕಾರಿಗೇ ಲೆಕ್ಕ ಹಾಕುತ್ತದೆ.

ಪರದೆ ಮುಟ್ಟುವ ಕೆಲಸ ಚಾಲಕರದ್ದಲ್ಲ. ಹೊರಡುವ ಮೊದಲೇ ಊರು ಹಾಕಿ, ಮಣ್ಣಿನ ರಸ್ತೆ ಬೇಡ ಎಂಬ ಆಯ್ಕೆ ಇದ್ದರೆ ಒತ್ತಿ, ಇಡೀ ದಾರಿಯನ್ನು ಒಮ್ಮೆ ನೋಡಬೇಕು. ಮೊಬೈಲನ್ನು ಚಾಲನೆಯಲ್ಲಿ ದಾರಿ ನೋಡುವುದಕ್ಕೆ ಮಾತ್ರ, ಗಮನ ಕೆಡದಂತೆ ಬಳಸಬಹುದು ಎಂದು 2020ರ ಅಕ್ಟೋಬರ್ 1ರಿಂದ ನಿಯಮವಿದೆ. ಪಕ್ಕದ ಸೀಟಿನಲ್ಲಿ ಕೂತು ದಾರಿ ಓದಿ ಹೇಳುವ ಕೆಲಸ ನಮ್ಮ ವಯಸ್ಸಿನವರದ್ದು. ಸ್ಟಿಯರಿಂಗ್ ಮಾತ್ರ ಬೇಡ. 18 ತುಂಬದವರು ಕಾರು ಓಡಿಸಿ ಅಪರಾಧವಾದರೆ 2019ರ ತಿದ್ದುಪಡಿಯ 199ಎ ವಿಧಿಯಂತೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ವಾಹನದ ನೋಂದಣಿ 12 ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಎರಡನೇ ಲೆಕ್ಕ

ಅಕೌಂಟೆನ್ಸಿಯಲ್ಲಿ ಸಂಭವನೀಯ ಹೊಣೆ ಎಂಬ ಮಾತು ಓದುತ್ತೇವೆ. ಇವತ್ತು ಸಾಲವಲ್ಲ, ಆದರೆ ಒಂದು ಘಟನೆ ನಡೆದರೆ ಸಾಲವಾಗುತ್ತದೆ. ಮೊದಲ ಲೆಕ್ಕದಲ್ಲಿ ನಾನು ಬಿಟ್ಟದ್ದು ಇದನ್ನೇ. ಟ್ರೈಲರ್ ಯಾರಿಗಾದರೂ ಬಡಿದರೆ, ಪಾಲಿಸಿಯ ಷರತ್ತು ಮುರಿದಿದ್ದರೆ, ವಿಮಾ ಕಂಪನಿ ಕೊಟ್ಟ ಪರಿಹಾರವನ್ನು ಮಾಲೀಕರಿಂದಲೇ ವಸೂಲಿ ಮಾಡಲು ಕೋರ್ಟ್ ಅವಕಾಶ ಕೊಡಬಹುದು. ಅದು ಲಕ್ಷಗಳ ಮಾತು. ಕ್ಲಚ್, ಬ್ರೇಕ್, ಟೈರುಗಳ ಸವಕಳಿ, ಹೆಚ್ಚಿನ ಡೀಸೆಲ್ ಬೇರೆ. ಹೋದ ಜೀವಕ್ಕೆ ಯಾವ ಖಾತೆಯಲ್ಲೂ ಅಂಕಣವಿಲ್ಲ.

ಇನ್ನೊಂದು ಕಡೆ 1,500 ರೂಪಾಯಿ ಬಾಡಿಗೆ. ಅದರಲ್ಲಿ ಸರಕು ಸಾಗಿಸಲೆಂದೇ ನೋಂದಣಿಯಾದ ಗಾಡಿ, ಅದರ ವಿಮೆ, ದಾರಿ ಬಲ್ಲ ಚಾಲಕರು ಮೂರೂ ಸೇರಿದ್ದಾರೆ. ಅದನ್ನು ಖರ್ಚು ಎಂದಷ್ಟೇ ನೋಡಿದ್ದು ನನ್ನ ತಪ್ಪು.

ಅಬ್ಬಾ ಕೊನೆಗೆ ಹೇಳಿದ್ದು ಇಷ್ಟೇ: "ರಸ್ತೆಯ ಮೇಲೆ ಬೇರೆಯವರ ಜೀವ ನಮ್ಮ ಹತ್ತಿರ ಇರೋ ಅಮಾನತ್." ಟ್ರೈಲರ್ ಮಾತು ನಿಂತಿತು. ತಟ್ಟೆಯ ಪೆಟ್ಟಿಗೆಗಳೂ ಈಗ ಗೂಡ್ಸ್ ಗಾಡಿಯಲ್ಲೇ ಹೋಗುತ್ತವೆ. ಗಿರಾಕಿಗಳಿಗೆ ಕೊಡುವ ಚೀಟಿಯಲ್ಲಿ ಸಾಗಣೆ ವೆಚ್ಚ ಎಂದು ಬೇರೆ ಸಾಲು ಬರೆಯುತ್ತೇವೆ. ಇಬ್ಬರು ಗಿರಾಕಿಗಳು ಚೌಕಾಸಿ ಮಾಡಿದರು, ಉಳಿದವರು ಒಪ್ಪಿದರು. ಮಾಮೂ ಮಾತ್ರ ಇನ್ನೂ ಟ್ರ್ಯಾಕ್ಟರ್ ಕಂಡಾಗಲೆಲ್ಲ ನನ್ನ ಮುಖ ನೋಡುತ್ತಾರೆ.

ನೀವೇ ಮಾಡಿ ನೋಡಿ

1. ಮನೆಯ ಕಾರಿನ ಖಾಲಿ ತೂಕ ಮತ್ತು ಒಟ್ಟು ಮಿತಿ ಹುಡುಕಿ, ಹೊರುವ ಶಕ್ತಿ ಲೆಕ್ಕ ಹಾಕಿ.
2. ಮನೆಯವರೆಲ್ಲರ ತೂಕ ಕಳೆದರೆ ಲಗೇಜಿಗೆ ಎಷ್ಟು ಉಳಿಯುತ್ತದೆ ನೋಡಿ.
3. ಕೈಪಿಡಿಯಲ್ಲಿ ಎಳೆಯುವ ವಿಷಯದ ಪುಟವನ್ನು ದೊಡ್ಡವರಿಗೆ ಓದಿ ಹೇಳಿ.
4. ವಿಮಾ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಭಾಗ ಓದಿ.
5. ಮುಂದಿನ ಪ್ರಯಾಣದಲ್ಲಿ ಪರದೆ ತೋರಿಸುವ ದಾರಿಯನ್ನು ಆ ಊರಿನವರ ಬಳಿ ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ.

ಐದಕ್ಕೂ ಸೇರಿ ಒಂದು ಗಂಟೆ ಸಾಕು. ನಮ್ಮ ಮನೆಯಲ್ಲಿ ಆ ಒಂದು ಗಂಟೆ 45,000 ರೂಪಾಯಿ ಉಳಿಸಿತು. ಬಹುಶಃ ಅದಕ್ಕಿಂತ ದೊಡ್ಡದನ್ನೂ ಉಳಿಸಿದೆ.